ಮಗುವಿನ ಕೆಮ್ಮಿಗೆ ದೊಡ್ಡಪತ್ರೆ ರಸ: ಹೇಗೆ ಕೊಡುತ್ತೀರಿ?

ಕೇಳಿದವರು, ಸಿದ್ದಾಪುರ ತಾಲ್ಲೂಕು

ಅಡಿಕೆ ಕೊಯ್ಲು ಶುರುವಾದಾಗಿನಿಂದ ನಮ್ಮ ಮೂರು ವರ್ಷದ ಮಗಳಿಗೆ ನೆಗಡಿ, ರಾತ್ರಿ ಕೆಮ್ಮು. ಜ್ವರವಿಲ್ಲ. ವೈದ್ಯರು ನೋಡಿ, ಎದೆಯಲ್ಲಿ ಕಫ ಕಟ್ಟಿಲ್ಲ, ತಾನಾಗಿ ಇಳಿಯುತ್ತದೆ ಎಂದಿದ್ದಾರೆ. ಹಿತ್ತಲಿನ ದೊಡ್ಡಪತ್ರೆ ರಸ ಹಾಕು ಎಂದು ಅತ್ತೆ. ಅಷ್ಟು ಖಾರದ್ದು ಮಗುವಿಗೆ ಬೇಡ ಎಂದು ತವರಿನಿಂದ ಅಮ್ಮ. ಕೊಟ್ಟು ನೋಡಿದವರು ಹೇಳಿ.

ಶಿರಸಿಯಿಂದ

ತಂಗೀ, ಇಬ್ಬರ ಮಾತೂ ಸರಿಯೇ. ಹಸಿ ಎಲೆಯ ರಸ ಗಂಟಲಿಗೆ ಘಾಟು. ಮಗು ಒಮ್ಮೆ ಉಗುಳಿತೆಂದರೆ ಮತ್ತೆ ಚಮಚ ಕಂಡರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಬಾಡಿಸಿಯೇ ಹಿಂಡಬೇಕು. ಬಲಿತ ಎಲೆ ಒಂದೆರಡು ಸಾಕು. ತೊಳೆದು, ನೀರು ಒರೆಸಿ, ಸಣ್ಣ ಉರಿಯಲ್ಲಿ ಬಿಸಿಯಾದ ಕಾವಲಿಯ ಮೇಲೆ ಹಾಕಿ. ಗರಿಗರಿಯಾಗಿದ್ದ ದಪ್ಪ ಎಲೆ ಮೆತ್ತಗಾಗಿ, ಹಸಿರು ಮಾಸಿ, ಓಮದ ವಾಸನೆ ಅಡುಗೆಮನೆ ತುಂಬುತ್ತದೆ. ಆಗ ಬೆರಳಲ್ಲಿ ಒತ್ತಿದರೂ ರಸ ಇಳಿಯುತ್ತದೆ. ನಮ್ಮಲ್ಲಿ ಮಕ್ಕಳಿಗೆ ಕಾಲು ಚಮಚಕ್ಕಿಂತ ಹೆಚ್ಚು ಕೊಟ್ಟಿಲ್ಲ, ಅದನ್ನೂ ಜೋನಿ ಬೆಲ್ಲದಲ್ಲಿ (ನೀರು ಬೆಲ್ಲ) ಕಲಸಿ, ಊಟವಾದ ಮೇಲೆ. ಖಾಲಿ ಹೊಟ್ಟೆಗೆ ಬೇಡ. ಜೇನುತುಪ್ಪವೂ ಆದೀತು, ಆದರೆ ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು.

ಇದರಿಂದ ಕೆಮ್ಮು ಮಾಯವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಗಂಟಲು ಹಗುರಾಗಿ ಮಗು ನಿದ್ದೆ ಮಾಡುತ್ತದೆ, ಅಷ್ಟೇ. ಇನ್ನೊಂದು ಮಾತು: ಕೊಯ್ಲಿನ ಜೊತೆಗೇ ಕೆಮ್ಮು ಬಂದಿದೆ ಎಂದಿರಲ್ಲ, ಅಡಿಕೆ ಬೇಯಿಸುವ ಒಲೆಯ ಹತ್ತಿರ ಮಗು ಆಡುತ್ತಿದೆಯೇ ನೋಡಿ. ಹೊಗೆ ಕುಡಿಯುವ ಮಗುವಿಗೆ ಯಾವ ಸೊಪ್ಪು ಏನು ಮಾಡೀತು?

ಯಲ್ಲಾಪುರದಿಂದ

ರಸಕ್ಕಿಂತ ತಂಬುಳಿ ವಾಸಿ. ತುಪ್ಪದಲ್ಲಿ ಜೀರಿಗೆ, ಒಂದೆರಡು ಕಾಳುಮೆಣಸು, ಆಮೇಲೆ ಎಲೆ ಹಾಕಿ ಬಾಡಿಸಿ, ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಹುಳಿಯಾಗದ ಮಜ್ಜಿಗೆಯಲ್ಲಿ ಕದಡುವುದು. ಕುದಿಸಬಾರದು, ಒಡೆಯುತ್ತದೆ. ಮಧ್ಯಾಹ್ನ ಬಿಸಿ ಅನ್ನಕ್ಕೆ ಕಲಸಿ ಕೊಡಿ. ಕೆಮ್ಮಿದ್ದಾಗ ರಾತ್ರಿ ಮಜ್ಜಿಗೆ ಬೇಡ ಎಂದು ನಮ್ಮ ಮನೆಯ ಹಿರಿಯರ ಕಟ್ಟಪ್ಪಣೆ. ಕಾರಣ ಕೇಳಿದರೆ ಬೈಗುಳ.

ಕುಮಟಾದಿಂದ

ನಮ್ಮ ಮನೆಯಲ್ಲಿ ಈ ಎಲೆಯ ಭಜ್ಜಿಗೇ ಗಿರಾಕಿಗಳು ಹೆಚ್ಚು, ಆದರೆ ಕೆಮ್ಮುವವರಿಗೆ ಎಣ್ಣೆ ತಿಂಡಿ ಔಷಧವಲ್ಲ! ಪಿತ್ತದ ಗಂಧೆ ಎದ್ದಾಗ ಎಲೆ ಜಜ್ಜಿ ಮೈಗೆ ಸವರುವುದುಂಟು, ತುರಿಕೆ ತಗ್ಗುತ್ತದೆ. ಗಂಧೆಯ ಜೊತೆ ತುಟಿ, ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ಮಾತ್ರ ಎಲೆ ಹುಡುಕುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ. ಈ ಸೊಪ್ಪಿನ ಘಾಟು ಥೈಮಾಲ್, ಕಾರ್ವಕ್ರಾಲ್ ಎಂಬ ತೈಲಾಂಶಗಳದ್ದು. ಕೆಲವರ ಚರ್ಮಕ್ಕೆ ಅದೇ ಉರಿ, ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಿ.

ಸಿದ್ದಾಪುರದಿಂದಲೇ ಇನ್ನೊಬ್ಬರು

ಅಕ್ಕಾ, ಈಗ ಜ್ವರವಿಲ್ಲ ಎಂದಿದ್ದೀರಿ, ಒಳ್ಳೆಯದು. ಬಂದರೆ ಮಾತ್ರ ಕಷಾಯದಲ್ಲಿ ದಿನ ಕಳೆಯಬೇಡಿ. ನಮ್ಮದು ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ ಇಂದಿಗೂ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಕಾಡುತ್ತದೆ. ಹರಡುವುದು ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳದಿಂದ. ದರಕು (ಉದುರಿದ ಒಣ ಎಲೆ), ಸೊಪ್ಪು ತರಲು ಬೆಟ್ಟಕ್ಕೆ ಹೋದವರ ಬಟ್ಟೆಯಲ್ಲಿ ಅದು ಮನೆಯೊಳಗೂ ಬರಬಹುದು. ಒಮ್ಮೆಲೇ ಏರಿದ ಜ್ವರ, ತಲೆನೋವು, ಮೈಕೈ ನೋವು ಕಂಡರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಬೆಟ್ಟದಿಂದ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿಯೇ ಮಗುವನ್ನು ಎತ್ತಿಕೊಳ್ಳಲಿ.

ಕೇಳಿದವರು

ಬೇಯಿಸುವ ಒಲೆ ಇರುವುದು ಅವಳು ಆಡುವ ಅಂಗಳದಲ್ಲೇ. ಇವತ್ತಿನಿಂದ ಆಟ ಜಗುಲಿಯಲ್ಲಿ. ರಸ ಬಾಡಿಸಿ, ಬೆಲ್ಲದ ಜೊತೆ ಕೊಡುತ್ತೇನೆ. ಅತ್ತೆಗೂ ಅಮ್ಮನಿಗೂ ಅದೇ ಉತ್ತರ.