ಸೈಕ್ಲೋಟ್ರಾನ್ ಡೌಟಿದ್ರೆ ಇಲ್ಲೇ ಕೇಳಿ: ಮುಂಬೈ ಕನ್ನಡ ಪೋಷಕರ ಗುಂಪು

ಸುಮಾ, ಮುಲುಂಡ್: ಮೇಡಂ, ಕಣಗಳನ್ನು ಸುತ್ತಿಸಿ ಸ್ಪೀಡ್ ಏರಿಸೋ ಈ ಸೈಕ್ಲೋಟ್ರಾನ್ ಯಂತ್ರದಲ್ಲಿ ಸ್ಪೀಡ್ ಕೊಡೋದು ಮ್ಯಾಗ್ನೆಟ್ಟೋ ವೋಲ್ಟೇಜೋ?

ಫಿಸಿಕ್ಸ್ ಮೇಡಂ: ವೋಲ್ಟೇಜ್. ಮ್ಯಾಗ್ನೆಟ್ ದಾರಿ ಬಗ್ಗಿಸುತ್ತದೆ, ಅಷ್ಟೇ.

ಕಿರಣ್, ಡೊಂಬಿವಲಿ: ಡೀಗಳ (D ಆಕಾರದ ಎರಡು ಟೊಳ್ಳು ಲೋಹದ ಪೆಟ್ಟಿಗೆಗಳು) ನಡುವಿನ ವೋಲ್ಟೇಜ್ ಡಬಲ್ ಮಾಡಿದ್ರೆ ಪ್ರೋಟಾನಿನ ಕೊನೆಯ ಎನರ್ಜಿನೂ ಡಬಲ್ ಆಗ್ಬೇಕಲ್ವಾ ಮೇಡಂ? ಗೈಡಿನಲ್ಲಿ 'ಬದಲಾಗದು' ಅಂತಿದೆ. ಪ್ರಿಂಟ್ ತಪ್ಪಾ?

ಫಿಸಿಕ್ಸ್ ಮೇಡಂ: ಗೈಡ್ ಸರಿ ಇದೆ ಕಣೋ. ಫೀಲ್ಡ್ 1 ಟೆಸ್ಲಾ, ಡೀಯ ತ್ರಿಜ್ಯ ಅರ್ಧ ಮೀಟರ್ ಅಂತ ಇಟ್ಟುಕೋ. ಸ್ಪೀಡ್ ಏರಿದಂತೆ ಸುತ್ತು ದೊಡ್ಡದಾಗುತ್ತದೆ, ಅರ್ಧ ಮೀಟರಿಗೆ ಬಂತು ಅಂದರೆ ಪ್ರೋಟಾನ್ ಹೊರಗೆ. ಆ ಅಂಚಿನಲ್ಲಿ ಅದರ ಎನರ್ಜಿ ಸುಮಾರು 12 ಎಂಇವಿ (ಮಿಲಿಯನ್ ಎಲೆಕ್ಟ್ರಾನ್-ವೋಲ್ಟ್), ನೀನು ಯಾವ ವೋಲ್ಟೇಜ್ ಕೊಟ್ಟರೂ ಅಷ್ಟೇ. 50 ಕಿಲೋವೋಲ್ಟ್ ಆದರೆ ಒಂದು ಸುತ್ತಿನಲ್ಲಿ ಎರಡು ಸಲ ಡೀಗಳ ನಡುವಿನ ಗ್ಯಾಪ್ ದಾಟಿ 0.1 ಎಂಇವಿ ಸಿಗುತ್ತದೆ, 120 ಸುತ್ತು ಬೇಕು. 100 ಕೊಟ್ಟರೆ 60 ಸಾಕು. ಸುತ್ತು ಚಿಕ್ಕದಿರಲಿ ದೊಡ್ಡದಿರಲಿ ಹಿಡಿಯುವ ಹೊತ್ತು ಒಂದೇ, ಸೆಕೆಂಡಿಗೆ ಸುಮಾರು 1.5 ಕೋಟಿ ಸುತ್ತು, ಅದಕ್ಕೇ ವೋಲ್ಟೇಜಿನ ದಿಕ್ಕು ಬದಲಿಸುವ ಆಸಿಲೇಟರ್ ಒಂದೇ ಫ್ರೀಕ್ವೆನ್ಸಿಯಲ್ಲಿ ನಡೆಯುತ್ತದೆ. 1931ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಲಾರೆನ್ಸ್, ಲಿವಿಂಗ್‌ಸ್ಟನ್ ಅಂಗೈಯಗಲದ ಯಂತ್ರಕ್ಕೆ ಕೊಟ್ಟದ್ದು ಬರೀ 1,800 ವೋಲ್ಟ್, ಸಿಕ್ಕಿದ್ದು 80 ಕೆಇವಿ (ಸಾವಿರ ಎಲೆಕ್ಟ್ರಾನ್-ವೋಲ್ಟ್). ಈಗ ನೀನು ಹೇಳು, ಅದೇ ಅರ್ಧ ಮೀಟರಿನ ಯಂತ್ರಕ್ಕೆ ಆಲ್ಫಾ ಕಣ (ಹೀಲಿಯಂ ನ್ಯೂಕ್ಲಿಯಸ್) ಬಿಟ್ಟರೆ?

ವಿನೋದ್ ರಾವ್: ಫಾರ್ವರ್ಡ್ ಬಂದಿದೆ. "ಎಲೆಕ್ಟ್ರಾನ್ ತುಂಬಾ ಹಗುರ, ಸೈಕ್ಲೋಟ್ರಾನಿಗೆ ಅದೇ ಬೆಸ್ಟ್. ಎಲ್ಲ ಮಕ್ಕಳಿಗೂ ಕಳಿಸಿ."

ಫಿಸಿಕ್ಸ್ ಮೇಡಂ: ದಯವಿಟ್ಟು ಯಾರಿಗೂ ಕಳಿಸಬೇಡಿ. ಈ ವಾರ ಇದು ಮೂರನೇ ಸಲ. 50 ಕೆಇವಿ ಬರುವಷ್ಟರಲ್ಲೇ ಎಲೆಕ್ಟ್ರಾನಿನ ಮಾಸ್ ಶೇಕಡಾ 10ರಷ್ಟು ಏರುತ್ತದೆ, ಸುತ್ತು ತಡವಾಗಿ ಆಸಿಲೇಟರಿನ ತಾಳ ತಪ್ಪುತ್ತದೆ. ಮಾರ್ಕ್ ಹೋಗೋದು ನಿಮ್ಮದಲ್ಲ, ಮಕ್ಕಳದ್ದು.

ಲತಾ, ಪನ್ವೇಲ್: ಡೀಗಳ ಒಳಗೆ ವ್ಯಾಕ್ಯೂಮ್ ಯಾಕೆ ಮೇಡಂ?

ಅನಿಲ್: ಸೈಕ್ಲೋಟ್ರಾನಿಗೆ ನ್ಯೂಟ್ರಾನ್ ಬಿಟ್ಟರೆ ಆಗುತ್ತಾ?

ಫಿಸಿಕ್ಸ್ ಮೇಡಂ: ಚಾರ್ಜ್ ಇಲ್ಲ. ಆಗಲ್ಲ.

ಅನಿಲ್: ಮ್ಯಾಗ್ನೆಟ್ ಸ್ಪೀಡ್ ಕೊಡುತ್ತಲ್ಲ?

ಫಿಸಿಕ್ಸ್ ಮೇಡಂ: ಮೇಲೆ ಓದಿ.

ವಿನೋದ್ ರಾವ್: ಕೊಲಾಬಾದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಸೈಕ್ಲೋಟ್ರಾನ್ ಇದೆ. ನಾನೇ ಕಣ್ಣಾರೆ ನೋಡಿದ್ದೇನೆ.

ರಘು, ಮಾಟುಂಗಾ: ಅದು ಪೆಲೆಟ್ರಾನ್ ರಾಯರೇ, ಅದರಲ್ಲಿ ಕಣಗಳು ಟವರಿನೊಳಗೆ ನೆಟ್ಟಗೆ ಹೋಗುತ್ತವೆ. ಸೈಕ್ಲೋಟ್ರಾನ್ ಇರೋದು ಪರೇಲ್‌ನಲ್ಲಿ, ಆಸ್ಪತ್ರೆಯ ಪೆಟ್ ಸ್ಕ್ಯಾನಿಗೆ ಬೇಕಾದ ವಿಕಿರಣಶೀಲ ಫ್ಲೋರಿನ್-18 ಮಾಡೋಕೆ.

ವಿನೋದ್ ರಾವ್: ನೀವು ಹುಟ್ಟೋ ಮುಂಚೆಯಿಂದ ಕೊಲಾಬಾ ಗೊತ್ತು ನನಗೆ.

ರಘು: ನೋಡಿದ್ದು ಕ್ಯಾಂಟೀನ್ ಇರಬೇಕು.

ವಿನೋದ್ ರಾವ್: ಮಾತು ನೆಟ್ಟಗಿರಲಿ!

ಸುಮಾ: ಇಬ್ರೂ ಬೇರೆ ಕಡೆ ಹೋಗಿ ಜಗಳ ಆಡಿ. ನಾಳೆ ಪೇಪರ್ ಇದೆ.

ಕಿರಣ್: ಆಲ್ಫಾಗೂ ಸುಮಾರು 12 ಎಂಇವಿನೇ ಮೇಡಂ! ಎನರ್ಜಿ ಅಂದ್ರೆ ಚಾರ್ಜಿನ ವರ್ಗವನ್ನು ಮಾಸಿನಿಂದ ಭಾಗಿಸಿದ ಲೆಕ್ಕದಲ್ಲಿ ಬದಲಾಗುತ್ತೆ. ಚಾರ್ಜಿನ ವರ್ಗ ನಾಲ್ಕು ಪಟ್ಟು, ಮಾಸೂ ನಾಲ್ಕು ಪಟ್ಟು, ಹೊಡೆದುಹೋಗುತ್ತೆ.

ಫಿಸಿಕ್ಸ್ ಮೇಡಂ: ಭೇಷ್. ಫ್ರೀಕ್ವೆನ್ಸಿ?

ಕಿರಣ್: ಅರ್ಧ.

ವಿನೋದ್ ರಾವ್: ಪೆಲೆಟ್ರಾನ್ ಸೈಕ್ಲೋಟ್ರಾನ್ ಎಲ್ಲ ಒಂದೇ ಬಿಡಿ.

ಫಿಸಿಕ್ಸ್ ಮೇಡಂ: ಒಂದೇ ಅಲ್ಲ.

ಲತಾ, ಪನ್ವೇಲ್: ಮೇಡಂ, ನನ್ನ ವ್ಯಾಕ್ಯೂಮ್?