ದೃಢೀಕೃತ ನಕಲು, ದೃಢೀಕೃತ ಪ್ರತಿ, ಉತಾರ: ರಿಜಿಸ್ಟರಿನಿಂದ ತೆಗೆಸುವ ಕಾಗದಕ್ಕೆ ಯಾವ ಪದ?

ಗೆಳೆಯರೇ,

ಒಂದು ಪದದ ವಿಚಾರದಲ್ಲಿ ನಿಮ್ಮ ನೆರವು ಬೇಕು. ನಾನು ಬರೆದ ಪದ ಸರಿಯಿಲ್ಲದ್ದಕ್ಕೆ ನಮ್ಮ ಕಕ್ಷಿದಾರರೊಬ್ಬರ ಎರಡು ತಿಂಗಳು ಹಾಳಾಯಿತು. ಮತ್ತೊಬ್ಬರಿಗೆ ಹಾಗಾಗಬಾರದೆಂದು ಕೇಳುತ್ತಿದ್ದೇನೆ.

ನಾನು ಶಿವಮೊಗ್ಗ ಕಡೆಯವಳು. ಹುಬ್ಬಳ್ಳಿಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲಸ. ಅಂಗಡಿಯವರಿಗೆ ಕನ್ನಡದಲ್ಲಿ ಪತ್ರ, ಅರ್ಜಿ ಬರೆದುಕೊಡುವುದು ನನ್ನ ಪಾಲಿಗೆ ಬಂದಿದೆ. ಹೋದ ವರ್ಷ ಅಣ್ಣ-ತಮ್ಮ ಪಾಲಿನಲ್ಲಿ ನಡೆಸುವ ಬಟ್ಟೆ ಅಂಗಡಿಯೊಂದರವರು ಬಾಕಿ ವಸೂಲಿಗೆ ದಾವೆ ಹೂಡಬೇಕಾಯಿತು. ಅಷ್ಟರಲ್ಲಿ ಅಣ್ಣ ವಯಸ್ಸಾಯಿತೆಂದು ಪಾಲು ಬಿಟ್ಟು ಮಗನನ್ನು ಸೇರಿಸಿದ್ದರು. ಆ ಬದಲಾವಣೆಯ ಪತ್ರವನ್ನು ನೋಂದಣಿ ಕಚೇರಿಗೆ ಸಲ್ಲಿಸಿಯೂ ಆಗಿತ್ತು. ವಕೀಲರು 'ಸರ್ಟಿಫೈಡ್ ಕಾಪಿ ಬೇಕು' ಎಂದರು. ನಾನು ಚೀಟಿಯಲ್ಲಿ 'ಸಂಸ್ಥೆಯ ನೋಂದಣಿಯ ದೃಢೀಕೃತ ನಕಲು ತನ್ನಿ' ಎಂದು ಬರೆದು ತಮ್ಮನವರ ಕೈಗೆ ಕೊಟ್ಟೆ.

ಅವರು ಅಂಗಡಿಯ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದ ನೋಂದಣಿ ಪತ್ರವನ್ನು ಇಳಿಸಿ, ಜೆರಾಕ್ಸ್ ಮಾಡಿಸಿ, ಪರಿಚಯದ ಗೆಜೆಟೆಡ್ ಅಧಿಕಾರಿಯೊಬ್ಬರಿಂದ ಹಸಿರು ಶಾಯಿಯ ಸಹಿ, ಮೊಹರು ಹಾಕಿಸಿ ತಂದರು. ದೀಪಾವಳಿ ಪೂಜೆಯ ಕುಂಕುಮ ಕಾಗದದ ಮೂಲೆಗೆ ಇಳಿದಿತ್ತು, ಅದು ಜೆರಾಕ್ಸಿನಲ್ಲಿ ಕಪ್ಪು ಕಲೆಯಾಗಿ ಬಂದಿತ್ತು. ಕಾಗದ ವಕೀಲರ ಕಡತ ಸೇರಿತು. ನಡೆಯದೆಂದು ಗೊತ್ತಾದದ್ದು ತಿಂಗಳ ಮೇಲೆ. ಸರಿಯಾದದ್ದು ಕೈಗೆ ಬರಲು ಇನ್ನೊಂದು ತಿಂಗಳು. ನನ್ನ ಚೀಟಿಯಲ್ಲಿದ್ದ ಮಾತಿಗೆ ಅವರು ಮಾಡಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ನೋಂದಣಿ ಪತ್ರ ಇದೆ, ಅದರ ನಕಲಿದೆ, ದೃಢೀಕರಣವೂ ಇದೆ.

ಬೇಕಾಗಿದ್ದದ್ದು ಬೇರೆ. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 69ನೇ ಪ್ರಕರಣದಂತೆ, ಸಂಸ್ಥೆ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಬೇಕಾದರೆ ಅದು ನೋಂದಣಿಯಾಗಿರಬೇಕು, ದಾವೆ ಹೂಡುವವರ ಹೆಸರು ಪಾಲುದಾರರೆಂದು ರಿಜಿಸ್ಟರಿನಲ್ಲಿ ಇರಬೇಕು. ಗೋಡೆಯ ಮೇಲಿನ ಪತ್ರದಿಂದ ಸಂಸ್ಥೆ ನೋಂದಣಿಯಾಯಿತೆಂದು ತಿಳಿಯುತ್ತದೆ, ಅಷ್ಟೇ. ಆಮೇಲೆ ಯಾರು ಹೋದರು, ಯಾರು ಬಂದರು ಎಂಬುದು ಕಚೇರಿಯ ರಿಜಿಸ್ಟರಿನಲ್ಲಿದೆ. ಆ ನಮೂದನ್ನು ಬರೆದಿಳಿಸಿ, ತನ್ನ ಸಹಿ ಹಾಕಿ ಕೊಡುವುದು 67ನೇ ಪ್ರಕರಣದ ಪ್ರಕಾರ ರಿಜಿಸ್ಟ್ರಾರರ ಕೆಲಸ. ನಮ್ಮ ರಾಜ್ಯದಲ್ಲಿ ಜಿಲ್ಲಾ ನೋಂದಣಾಧಿಕಾರಿಗಳೇ ಆ ರಿಜಿಸ್ಟ್ರಾರರು. ಶುಲ್ಕ ಕಟ್ಟಿದ ಯಾರಿಗಾದರೂ ಕೊಡಬೇಕು, ಪಾಲುದಾರರೇ ಕೇಳಬೇಕೆಂದಿಲ್ಲ. ಹಾಗೆ ಕೊಟ್ಟ ಕಾಗದವನ್ನು ನೋಂದಣಿಗೆ ಪುರಾವೆಯಾಗಿ ಹಾಜರುಪಡಿಸಬಹುದೆಂದು 68ನೇ ಪ್ರಕರಣದಲ್ಲಿದೆ.

ಹಾಗಾದರೆ ತೊಡಕು ಇರುವುದು ಎಲ್ಲಿ? ಎರಡು ಕಡೆ ಎಂದು ನನಗೆ ಕಾಣುತ್ತದೆ.

ಒಂದು, 'ದೃಢೀಕೃತ'. ನಮ್ಮ ಕೈಲಿರುವ ಕಾಗದದ ಜೆರಾಕ್ಸನ್ನು ಅಸಲಿನ ಜೊತೆ ನೋಡಿ ಯಾರೋ ಒಬ್ಬ ಅಧಿಕಾರಿ ಸಹಿ ಹಾಕುವುದಕ್ಕೂ ದೃಢೀಕರಣ ಅನ್ನುತ್ತೇವೆ. ದಾಖಲೆ ಯಾರ ವಶದಲ್ಲಿದೆಯೋ ಅದೇ ಅಧಿಕಾರಿ ತನ್ನ ಕಪಾಟಿನಿಂದ ತೆಗೆದು ಬರೆಸಿ ಕೊಡುವುದಕ್ಕೂ ದೃಢೀಕರಣವೇ. ಸಾಕ್ಷ್ಯ ಕಾನೂನಿನಲ್ಲಿ ಈ ಎರಡನೆಯದಕ್ಕೆ ಬಿಗಿಯಾದ ಅರ್ಥವಿದೆ. 1872ರ ಕಾಯಿದೆಯ 76ನೇ ಪ್ರಕರಣ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಪ್ರಕರಣ: ದಾಖಲೆಯನ್ನು ವಶದಲ್ಲಿಟ್ಟುಕೊಂಡ ಸರ್ಕಾರಿ ಅಧಿಕಾರಿಯೇ ಕೊಡಬೇಕು, ಕಾಗದದ ಕೊನೆಯಲ್ಲಿ ಇದು ನಿಜಪ್ರತಿ ಎಂಬ ಒಕ್ಕಣೆ, ತಾರೀಖು, ಹೆಸರು, ಹುದ್ದೆ ಇರಬೇಕು, ಮೊಹರಿನ ಅಧಿಕಾರವಿದ್ದರೆ ಮೊಹರೂ ಬೇಕು. ವಕೀಲರು ಇಂಗ್ಲಿಷಿನಲ್ಲಿ ಒಂದಕ್ಕೆ ಅಟೆಸ್ಟೆಡ್, ಇನ್ನೊಂದಕ್ಕೆ ಸರ್ಟಿಫೈಡ್ ಎಂದು ಬೇರೆ ಮಾಡಿಕೊಂಡಿದ್ದಾರೆ. ಕನ್ನಡದ ಅರ್ಜಿಗೆ ಬಂದ ಕೂಡಲೇ ಎರಡೂ ಒಂದೇ ಪದದೊಳಗೆ ಸೇರಿಹೋಗುತ್ತವೆ. ಮೊದಲನೆಯದಕ್ಕೆ 'ತಾಳೆ ನೋಡಿದ ಪ್ರತಿ' ಎಂದು ಬಿಟ್ಟರೆ ಹೇಗೆ? ತಾಳೆ ನೋಡುವುದು ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಮಾತು, ಹೊಸದಾಗಿ ಕಲಿಸಬೇಕಾಗಿಲ್ಲ.

ಎರಡನೆಯದು 'ನಕಲು'. ಅರಬಿಯಲ್ಲಿ ಇದಕ್ಕೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂಬ ಅರ್ಥವಿದೆ, ಬರೆದುಕೊಳ್ಳುವುದು ಎಂದೂ ಇದೆ. ಅಸಲು ಎಂದರೆ ಬೇರು, ನಮ್ಮ 'ಮೂಲ'ವೂ ಬೇರೇ. ಅಸಲು-ನಕಲು ಜೋಡಿ ಕಚೇರಿಯಲ್ಲಿ ಚೆನ್ನಾಗಿಯೇ ನಡೆದುಬಂದಿದೆ. ಆದರೆ ಪರೀಕ್ಷೆಯಲ್ಲಿ ನಕಲು ಹೊಡೆಯುವುದು, ನಕಲಿ ನೋಟು, ನಕಲಿ ವೈದ್ಯ ಇವೆಲ್ಲ ಸೇರಿ ಪದಕ್ಕೆ ಕಳಂಕ ಅಂಟಿದೆ. 'ದೃಢೀಕೃತ ನಕಲು' ಓದಿ ಹಿಂಜರಿದವರನ್ನು ನಾನೇ ಕಂಡಿದ್ದೇನೆ. 'ಪ್ರತಿ' ಅದಕ್ಕಿಂತ ಮರ್ಯಾದೆಯ ಪದ, ಮಾಹಿತಿ ಹಕ್ಕಿನ ಅರ್ಜಿಗಳಲ್ಲಿ 'ದೃಢೀಕೃತ ಪ್ರತಿ' ಎಂದೇ ಬರೆಯುತ್ತೇವೆ. ಆದರೆ ಅಸಲಿಗೂ 'ಮೂಲ ಪ್ರತಿ' ಎನ್ನುತ್ತೇವಲ್ಲ! ಕವಿ ಕೈಯಾರೆ ಬರೆದದ್ದೂ ಹಸ್ತಪ್ರತಿಯೇ. 'ಮೂಲ ನಕಲು' ಎಂದು ಯಾರೂ ಅನ್ನುವುದಿಲ್ಲ. ಇನ್ನೊಂದರಿಂದ ಹುಟ್ಟಿದ್ದು ಎಂಬ ಅರ್ಥ 'ಪ್ರತಿ'ಯಲ್ಲಿ ಕಡ್ಡಾಯವಾಗಿ ಇಲ್ಲ, 'ನಕಲು' ಪದದಲ್ಲಿದೆ. ಹಾಗಾಗಿ ಕಳಂಕವಿದ್ದರೂ ನಕಲನ್ನು ಸುಲಭಕ್ಕೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಕೊನೆಗೆ ದಾರಿ ತೋರಿಸಿದವರು ಆ ಅಂಗಡಿಯ ಯಜಮಾನರೇ. ನೋಂದಣಿ ಕಚೇರಿಯಿಂದ ತಂದ ಕಾಗದವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಪಾಲುದಾರರ ಹೆಸರು, ಪಾಲಿಗೆ ಸೇರಿದ ತಾರೀಖು, ಪಾಲು ಬಿಟ್ಟವರ ತಾರೀಖು, ಕೆಳಗೆ ಬರೆದವರ ಕಿರುಸಹಿ, ತಾಳೆ ನೋಡಿದವರ ಕಿರುಸಹಿ, ಅದರ ಕೆಳಗೆ ನೋಂದಣಾಧಿಕಾರಿಯ ಸಹಿ, ಗುಂಡನೆಯ ಮೊಹರು. ಅದರ ಮೇಲೆ ಬೆರಳಿಟ್ಟು, "ಯವ್ವಾ, ಇದು ಉತಾರ ಅಲ್ಲೇನು? ಉತಾರ ತಗಸ್ಕೊಂಡ ಬರ್ರಿ ಅಂತ ಬರದಿದ್ರ ನಾ ಅವತ್ತ ಸೀದಾ ಕಚೇರಿಗೇ ಹೋಗ್ತಿದ್ದೆ" ಎಂದರು.

ಶಿವಮೊಗ್ಗದವಳಿಗೆ ಉತಾರ ಮನೆಮಾತಲ್ಲ, ಹೊಲದ ಉತಾರಕ್ಕೆ ನಾವು ಪಹಣಿ ಎನ್ನುತ್ತೇವೆ. ಈ ಕಡೆ ಮುಂಬೈ ಪ್ರಾಂತದ ಕಾಲದಿಂದ ಮರಾಠಿಯ 'ಉತಾರಾ' ಕನ್ನಡಕ್ಕೆ ಒಗ್ಗಿದೆ. ಇಳಿಸಿಕೊಂಡದ್ದು ಎಂಬುದೇ ಅದರ ಬೇರಿನ ಅರ್ಥ, ನಾವು ಬರೆದಿಳಿಸು ಎನ್ನುವ ಹಾಗೆಯೇ. ಬರೀ ಹೊಲದ ಉತಾರ ಎಂದುಕೊಂಡಿದ್ದೆ. ವಿಚಾರಿಸಿದರೆ ಮನಿ ಉತಾರ, ಸಿಟಿ ಸರ್ವೆ ಉತಾರ ಎಂದೂ ಸಲೀಸಾಗಿ ಅನ್ನುತ್ತಾರೆ. ಅಂದರೆ ಪದ ಹೊಲದ ಬದು ದಾಟಿ ಎಂದೋ ಊರೊಳಗೆ ಬಂದಿದೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದೆಂದರೆ, ಉತಾರ ಎಂದೊಡನೆ ಅಸಲು ಎಲ್ಲಿದೆ ಎಂಬುದು ಕೇಳಿದವನ ಮನಸ್ಸಿಗೆ ಬರುತ್ತದೆ. ಅದು ಸರ್ಕಾರದ ಪುಸ್ತಕದಲ್ಲಿದೆ, ತನ್ನ ಗೋಡೆಯ ಮೇಲಿಲ್ಲ. ನಕಲು, ಪ್ರತಿ ಎರಡಕ್ಕೂ ಈ ಗುಣವಿಲ್ಲ. 1932ರ ಕಾಯಿದೆಯ ಅನುಸೂಚಿಯಲ್ಲಿ ಈ ಕಾಗದಕ್ಕೆ ಮೂಲದಲ್ಲಿ ಇದ್ದ ಗರಿಷ್ಠ ದರವೂ ನೂರು ಪದಕ್ಕೆ ನಾಲ್ಕಾಣೆ. ಒಬ್ಬ ಗುಮಾಸ್ತ ಪುಸ್ತಕ ತೆರೆದುಕೊಂಡು ಪದ ಪದವಾಗಿ ಇಳಿಸುವ ಕೆಲಸಕ್ಕೆ ಇಟ್ಟ ದರ ಅದು.

ಇಂಥದೇ ಗೊಂದಲ 'ಫೈಲಿಂಗ್' ಎಂಬ ಮಾತಿನಲ್ಲೂ ಇದೆ. ನಾವು ಕೊಟ್ಟ ಪತ್ರ ಸಲ್ಲಿಕೆ, ಅದನ್ನು ನೋಡಿ ಅವರು ಪುಸ್ತಕದಲ್ಲಿ ಬರೆದದ್ದು ನಮೂದು. ಎರಡಕ್ಕೂ 'ದಾಖಲೆ' ಎನ್ನುವ ರೂಢಿ ಬಿಡಬೇಕು. 67ನೇ ಪ್ರಕರಣದಲ್ಲಿ ಹೇಳಿರುವುದು ನಮೂದಿನ ಮಾತನ್ನೇ. ಸಲ್ಲಿಸಿದ ಪತ್ರದ್ದೇ ಪ್ರತಿ ಬೇಕಾದರೆ ಅರ್ಜಿಯಲ್ಲಿ ಹಾಗೆಂದೇ ಬಿಡಿಸಿ ಬರೆಯಬೇಕು.

ಈಗ ನನ್ನ ಪ್ರಶ್ನೆಗಳು. ಉತಾರ ಪದವನ್ನು ಮೈಸೂರು, ತುಮಕೂರು ಕಡೆಯ ಓದುಗರಿಗೆ ಬರೆದರೆ ತಿಳಿದೀತೇ, ಅಥವಾ ಪಕ್ಕದಲ್ಲಿ ಇನ್ನೊಂದು ಮಾತು ಜೋಡಿಸಲೇಬೇಕೇ? ಕಲಬುರಗಿ, ಬೀದರ್ ಕಡೆ ರಿಜಿಸ್ಟರಿನಿಂದ ಇಳಿಸಿದ ಕಾಗದಕ್ಕೆ ಹಿರಿಯರು ಏನೆನ್ನುತ್ತಿದ್ದರು? ಮಂಗಳೂರು, ಉಡುಪಿಯವರಲ್ಲಿ ಮದ್ರಾಸ್ ಪ್ರಾಂತದ ಕಾಲದ ಬೇರೆ ಪದವೇನಾದರೂ ಉಳಿದಿದೆಯೇ? ಹಳೆಯ ನೋಂದಣಿ ಕಾಗದ ಮನೆಯಲ್ಲಿದ್ದವರು ಕೊನೆಯ ಒಕ್ಕಣೆಯಲ್ಲಿ ಯಾವ ಪದವಿದೆ ಎಂದು ನೋಡಿ ಹೇಳಿದರೆ ಉಪಕಾರವಾಗುತ್ತದೆ.

ನಮ್ಮ ಕಚೇರಿಯ ಅರ್ಜಿಯ ಮಾದರಿಯನ್ನು ಸದ್ಯಕ್ಕೆ ಹೀಗೆ ತಿದ್ದಿಟ್ಟಿದ್ದೇನೆ, ಎಡವಿದ್ದರೆ ತಿಳಿಸಿ: 'ತಮ್ಮ ಕಚೇರಿಯ ಪಾಲುದಾರಿಕೆ ಸಂಸ್ಥೆಗಳ ರಿಜಿಸ್ಟರಿನಲ್ಲಿ ನಮ್ಮ ಸಂಸ್ಥೆಯ ಬಗ್ಗೆ ಈ ದಿನದವರೆಗೆ ಇರುವ ಎಲ್ಲ ನಮೂದುಗಳ ಉತಾರವನ್ನು, ತಮ್ಮ ಸಹಿ ಮೊಹರಿನೊಂದಿಗೆ ದೃಢೀಕರಿಸಿ ಕೊಡಬೇಕಾಗಿ ಕೋರುತ್ತೇವೆ.'