ರೇಸ್ ಮುಗಿದ ಮೇಲಿನ ಪೋಸ್ಟ್ ಜಗಳ: ಸ್ಪರ್ಧಿಗಳಿಗೂ ಫ್ಯಾನ್‌ಗಳಿಗೂ ಯಾವ ನಿಯಮ ಹಾಕಿದರೆ ನಿಲ್ಲುತ್ತೆ?

ಪಿಟ್‌ಬೋರ್ಡ್:
ಕ್ಲಬ್ ಮಟ್ಟದ ಕಾರ್ ರೇಸ್ ಸರಣಿಯೊಂದಕ್ಕೆ ಸೋಶಿಯಲ್ ಮೀಡಿಯಾ ನಿಯಮ ಬರೆಯಬೇಕಿದೆ. ಒಂದು ಪುಟ ಮೀರುವಂತಿಲ್ಲ, ಮೀರಿದರೆ ಯಾರೂ ಓದಲ್ಲ. ಸ್ಪರ್ಧಿಗಳಲ್ಲಿ 18 ತುಂಬದವರೂ ಇದ್ದಾರೆ. ಸರಣಿಯ ಹೆಸರಲ್ಲೇ ದೊಡ್ಡದೊಂದು ಫ್ಯಾನ್ ಗುಂಪು ನಡೆಯುತ್ತೆ. "ಕ್ರೀಡೆಯ ಘನತೆ ಕಾಪಾಡಿ" ಅನ್ನೋ ಸಾಲು ಈಗಲೂ ಎಂಟ್ರಿ ಫಾರಂನಲ್ಲಿದೆ, ಅದಕ್ಕೆ ಯಾರೂ ಕ್ಯಾರೇ ಅಂದಿಲ್ಲ.

ಕೇಳಬೇಕಿರೋದು ಇಷ್ಟು. ರೇಸ್ ಆದ ಮೇಲೆ 24 ಗಂಟೆ ಯಾರೂ ಏನೂ ಪೋಸ್ಟ್ ಮಾಡಬಾರದು ಅಂತ ಬರೆಯೋ ಯೋಚನೆ ಇದೆ, ಅದು ನಡೆಯುತ್ತಾ? ಡಿಕ್ಕಿಯ ಆನ್‌ಬೋರ್ಡ್ (ಕಾರಿನಲ್ಲೇ ಕೂರಿಸಿದ ಕ್ಯಾಮೆರಾದ) ವಿಡಿಯೊ ಹಾಕೋದನ್ನ ಪೂರ್ತಿ ನಿಲ್ಲಿಸಬೇಕಾ? ಒಬ್ಬ ಚಾಲಕನಿಗೋ ಟ್ರ್ಯಾಕ್ ಪಕ್ಕ ಬಾವುಟ ತೋರಿಸೋ ಮಾರ್ಷಲ್‌ಗೋ ಬೆದರಿಕೆ ಬಂದರೆ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು?

ಹಳದಿಬಾವುಟ:
24 ಗಂಟೆ ಪೂರ್ತಿ ಮೌನ ಅನ್ನೋ ನಿಯಮ ಮೊದಲ ಸುತ್ತಿಗೇ ಮುರಿದು ಬೀಳುತ್ತೆ. ಗೆದ್ದವನು ಪೋಡಿಯಂ ಫೋಟೊ ಹಾಕದೆ ಇರಲ್ಲ, ಪ್ರಾಯೋಜಕರೂ ಅದಕ್ಕೇ ದುಡ್ಡು ಕೊಟ್ಟಿರೋದು. ಎಲ್ಲರೂ ಮುರಿಯೋ ನಿಯಮವನ್ನ ಒಬ್ಬನ ಮೇಲೆ ಮಾತ್ರ ಜಾರಿ ಮಾಡಿದರೆ ಅದೇ ಹೊಸ ಜಗಳ.

ಗಂಟೆ ಲೆಕ್ಕ ಬಿಡಿ, ಫಲಿತಾಂಶದ ಲೆಕ್ಕ ಹಿಡಿಯಿರಿ. ಕಾರ್ ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎಯ ಅಂತರರಾಷ್ಟ್ರೀಯ ಕ್ರೀಡಾ ಸಂಹಿತೆಯ ಪ್ರಕಾರ ತಾತ್ಕಾಲಿಕ ಫಲಿತಾಂಶ ಪ್ರಕಟವಾದ ಮೇಲೆ ಪ್ರೊಟೆಸ್ಟ್ (ಅಧಿಕೃತ ತಕರಾರು) ಹಾಕೋಕೆ ಸಾಮಾನ್ಯವಾಗಿ 30 ನಿಮಿಷ. ರೇಸ್ ನಂತರದ ಸ್ಕ್ರೂಟಿನಿ (ಕಾರಿನ ತಪಾಸಣೆ), ಸ್ಟೀವರ್ಡ್‌ಗಳ (ತೀರ್ಪುಗಾರರ) ವಿಚಾರಣೆ ಇದ್ದರೆ ಇನ್ನೂ ಹೊತ್ತು ಹಿಡಿಯುತ್ತೆ. ಬಾವುಟ ಬಿದ್ದ ಕ್ಷಣದಿಂದ ಅಂತಿಮ ಫಲಿತಾಂಶಕ್ಕೆ ಸಹಿ ಬೀಳೋವರೆಗಿನ ಈ ಅವಧಿಯಲ್ಲೇ ಬಹುಪಾಲು ಕೆಟ್ಟ ಪೋಸ್ಟ್‌ಗಳು ಹುಟ್ಟೋದು. ಅಲ್ಲಿಯವರೆಗೆ ತನ್ನ ಸ್ಥಾನ, ತನ್ನ ಕಾರು, ತನ್ನ ತಂಡದ ಬಗ್ಗೆ ಏನು ಬೇಕಾದರೂ ಬರೆಯಲಿ. ಇನ್ನೊಬ್ಬನ ಹೆಸರು, ಇನ್ನೊಂದು ಕಾರಿನ ನಂಬರ್, ಅಧಿಕಾರಿಗಳ ಹೆಸರು, ಡಿಕ್ಕಿಯ ತಪ್ಪು ಯಾರದು ಅನ್ನೋ ಮಾತು ಬೇಡ. ಹೀಗೆ ಬರೆದರೆ ನಾಲ್ಕು ಸಾಲಲ್ಲಿ ಮುಗಿಯುತ್ತೆ, ಪಾಲಿಸೋಕೂ ಆಗುತ್ತೆ.

ಸ್ಪರ್ಧಿಗಳಿಗೆ ಇನ್ನೊಂದು ಮಾತು ಬಿಡಿಸಿ ಹೇಳಿ: ಪೋಸ್ಟ್ ಅಂದರೆ ಸಾಕ್ಷಿ. 2023ರ ಮಾರ್ಚ್‌ನಲ್ಲಿ ಅಮೆರಿಕದ ನಾಸ್ಕಾರ್ ರೇಸ್ ಸರಣಿಯ ಚಾಲಕ ಡೆನ್ನಿ ಹ್ಯಾಮ್ಲಿನ್ ಫೀನಿಕ್ಸ್ ರೇಸ್‌ನಲ್ಲಿ ರಾಸ್ ಚಾಸ್ಟೈನ್ ಜೊತೆ ಡಿಕ್ಕಿಯಾದರು. ಟ್ರ್ಯಾಕ್ ಮೇಲೆ ಅದಕ್ಕೆ ಶಿಕ್ಷೆ ಆಗಿರಲಿಲ್ಲ. ಬೇಕಂತಲೇ ಮಾಡಿದೆ ಅಂತ ತಮ್ಮ ಪಾಡ್‌ಕ್ಯಾಸ್ಟ್‌ನಲ್ಲಿ ತಾವೇ ಹೇಳಿಕೊಂಡ ಮೇಲೆ ನಾಸ್ಕಾರ್ 50,000 ಡಾಲರ್ ದಂಡ ಹಾಕಿ 25 ಪಾಯಿಂಟ್ ಕಿತ್ತುಕೊಂಡಿತು. ಮೇಲ್ಮನವಿ ಕೂಡ ಬಿದ್ದುಹೋಯಿತು. ಎಫ್‌ಐಎ ಸಂಹಿತೆಯ 12.2.1ನೇ ವಿಧಿಯಲ್ಲೂ ಅಪರಾಧದ ಪಟ್ಟಿಯಲ್ಲಿ ಮಾತು, ಕೃತಿಯ ಜೊತೆ ಬರಹವೂ ಇದೆ. ಅರ್ಧರಾತ್ರಿ ಹಾಕಿದ ಸ್ಟೋರಿಯೂ ಬರಹವೇ.

ಪ್ರೊಟೆಸ್ಟ್‌ಗೆ ಶುಲ್ಕ ಕಟ್ಟಬೇಕು, ಫೇಸ್‌ಬುಕ್‌ಗೆ ಕಟ್ಟಬೇಕಿಲ್ಲ. ಅರ್ಧ ತೊಂದರೆ ಅಲ್ಲೇ ಇದೆ. ಆದ್ದರಿಂದ ನಿಯಮದ ಪುಟದಲ್ಲೇ ಪ್ರೊಟೆಸ್ಟ್ ಫಾರಂ ಎಲ್ಲಿ ಸಿಗುತ್ತೆ, ಯಾರ ಕೈಗೆ ಕೊಡಬೇಕು, ಕೊನೆಯ ಹೊತ್ತು ಯಾವುದು ಅಂತ ಹಾಕಿಬಿಡಿ.

ಫ್ರೇಮ್_ಬೈ_ಫ್ರೇಮ್:
ಆನ್‌ಬೋರ್ಡ್ ನಿಷೇಧ ಬೇಡ, ಆದರೆ ಷರತ್ತು ಹಾಕಿ. ಕಾರಣ ಲೆಕ್ಕದಲ್ಲಿದೆ. ಗಂಟೆಗೆ 180 ಕಿ.ಮೀ. ಅಂದರೆ ಸೆಕೆಂಡಿಗೆ 50 ಮೀಟರ್. ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮಿಂದ ಇನ್ನೊಂದಕ್ಕೆ ಕಾರು 1.67 ಮೀಟರ್ ಹೋಗಿರುತ್ತೆ. ಫಾರ್ಮುಲಾ ಒನ್‌ (ಎಫ್‌1) ಚಾಲನಾ ಮಾರ್ಗಸೂಚಿಯ ಪ್ರಕಾರ ತಿರುವಿನ ಒಳಗಿನಿಂದ ಓವರ್‌ಟೇಕ್ ಮಾಡುವವನ ಮುಂದಿನ ಆಕ್ಸಲ್ (ಚಕ್ರದ ಅಚ್ಚು) ತಿರುವಿನ ಏಪೆಕ್ಸ್ (ಒಳಗಿನ ತುದಿ) ಹೊತ್ತಿಗೆ ಎದುರಾಳಿಯ ಕನ್ನಡಿಯ ಪಕ್ಕಕ್ಕಾದರೂ ಬಂದಿರಬೇಕು. ಏಪೆಕ್ಸ್ ಮುಟ್ಟಿದ ಕ್ಷಣ ನಿಖರವಾಗಿ ಯಾವುದು ಅನ್ನೋದಕ್ಕೇ ಒಂದೂವರೆ ಮೀಟರ್ ಜಿಗಿಯೋ ಸ್ಕ್ರೀನ್‌ಶಾಟ್ ಉತ್ತರ ಕೊಡಲ್ಲ. ಜನ ಆರಿಸಿ ಹಾಕೋದು ತಮಗೆ ಬೇಕಾದ ಫ್ರೇಮನ್ನೇ.

ಆಕ್ಷನ್ ಕ್ಯಾಮೆರಾದ ಅಗಲ ಲೆನ್ಸ್ ದೂರವನ್ನೂ ಕೆಡಿಸುತ್ತೆ. ಎದುರಿನ ಕಾರು ಇರೋದಕ್ಕಿಂತ ದೂರ ಕಾಣುತ್ತೆ, ಅಂಚಿನಲ್ಲಿರೋ ಕಾರು ಎಳೆದಂತೆ ಕಾಣುತ್ತೆ. ಸ್ಟೀರಿಂಗ್ ವಿಚಾರ ಇನ್ನೂ ಮೋಸ. ಬಲ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಚಾಲಕ ಎಡಕ್ಕೆ ತಿರುಗಿಸಿಯೇ ಕಾರನ್ನ ಹಿಡಿಯಬೇಕು. ಹೊರಗಡೆ ಇನ್ನೊಂದು ಕಾರಿದ್ದರೆ ನಿಂತ ಚಿತ್ರದಲ್ಲಿ ಅದು "ನೋಡಿ, ಬೇಕಂತಲೇ ಗುದ್ದಿದ" ಅಂತ ಕಾಣುತ್ತೆ. ನಿಧಾನಗತಿಯಲ್ಲಿ ತೋರಿಸಿದರಂತೂ ಯೋಚಿಸೋಕೆ ಸಮಯ ಇತ್ತು ಅನ್ನೋ ಭ್ರಮೆ ಹುಟ್ಟುತ್ತೆ.

ಷರತ್ತು ಹೀಗಿರಲಿ: ಅಂತಿಮ ಫಲಿತಾಂಶದ ನಂತರ ಮಾತ್ರ, ಘಟನೆಗೆ ಮುಂಚಿನ ಕನಿಷ್ಠ 10 ಸೆಕೆಂಡ್, ನಂತರದ 5 ಸೆಕೆಂಡ್ ಸೇರಿರಬೇಕು, ನಿಜವಾದ ವೇಗದಲ್ಲೇ ಇರಬೇಕು, ಬಾಣ, ವೃತ್ತ, ಶೀರ್ಷಿಕೆಯಲ್ಲಿ ತೀರ್ಪು ಇರಬಾರದು. ಸ್ಟೀವರ್ಡ್‌ಗಳು ಕೇಳಿದರೆ ಮೂಲ ಫೈಲ್ ಕೊಡಬೇಕು, ವಾಟ್ಸ್‌ಆ್ಯಪ್‌ನಲ್ಲಿ ಹಿಂಡಿ ಹೋದದ್ದಲ್ಲ. ಕ್ಯಾಮೆರಾ ಕೂರಿಸಿದ್ದನ್ನ ಸ್ಕ್ರೂಟಿನಿಯಲ್ಲೇ ತೋರಿಸಿ ಒಪ್ಪಿಗೆ ಪಡೆಯಲಿ, ಅದು ಸುರಕ್ಷತೆಯ ಮಾತೂ ಹೌದು.

ಫ್ಯಾನ್‌ಗಳು ಎಫ್‌1 ಟೆಲಿಮೆಟ್ರಿ (ಕಾರಿನ ವೇಗ, ಬ್ರೇಕ್‌ಗಳ ದಾಖಲೆ) ಗ್ರಾಫ್ ಹಾಕಿ ವಾದ ಮಾಡ್ತಾರಲ್ಲ, ಅದಕ್ಕೂ ಒಂದು ಎಚ್ಚರಿಕೆ. ಸಾರ್ವಜನಿಕವಾಗಿ ಸಿಗೋ ಡೇಟಾ ಸೆಕೆಂಡಿಗೆ ಸುಮಾರು 4 ಸಲ ಮಾತ್ರ ದಾಖಲಾಗಿರುತ್ತೆ. 300 ಕಿ.ಮೀ. ವೇಗದಲ್ಲಿ ಎರಡು ಬಿಂದುಗಳ ನಡುವೆ 20 ಮೀಟರ್‌ಗೂ ಹೆಚ್ಚು ಅಂತರ. ಬ್ರೇಕ್ ಒತ್ತಿದ್ದಾನಾ ಇಲ್ವಾ ಅಂತಷ್ಟೇ ಇರುತ್ತೆ, ಎಷ್ಟು ಜೋರಾಗಿ ಅಂತ ಇರಲ್ಲ. ಅದನ್ನ ಹಿಡಿದು "5 ಮೀಟರ್ ಮೊದಲೇ ಬ್ರೇಕ್ ಹಾಕಿ ಕೆಣಕಿದ" ಅನ್ನೋಕಾಗಲ್ಲ.

ಲಾಲಿಪಾಪ್:
ಪೋಸ್ಟ್ ಬಗ್ಗೆ ಮಾತ್ರ ಬರೆದರೆ ಸಾಲದು. ಲೈಕ್ ಕೂಡ ಲೆಕ್ಕಕ್ಕಿದೆ. 2023ರ ಆಗಸ್ಟ್‌ನಲ್ಲಿ ನಾಸ್ಕಾರ್ ಚಾಲಕ ನೋವಾ ಗ್ರಾಗ್ಸನ್ ಜಾರ್ಜ್ ಫ್ಲಾಯ್ಡ್ ಸಾವನ್ನ ಗೇಲಿ ಮಾಡೋ ಮೀಮ್‌ಗೆ ಇನ್‌ಸ್ಟಾಗ್ರಾಂನಲ್ಲಿ ಲೈಕ್ ಒತ್ತಿದ್ದಕ್ಕೆ ತಂಡವೂ ನಾಸ್ಕಾರೂ ಅಮಾನತು ಮಾಡಿದವು. ವಿಡಿಯೊ ಗೇಮ್ ಆಡ್ತಾ ನೇರ ಪ್ರಸಾರ ಮಾಡೋ ಸ್ಟ್ರೀಮ್ ಇನ್ನೊಂದು ಬಲೆ: 2020ರ ಏಪ್ರಿಲ್‌ನಲ್ಲಿ ಕೈಲ್ ಲಾರ್ಸನ್, 2022ರ ಜೂನ್‌ನಲ್ಲಿ ಯೂರಿ ವಿಪ್ಸ್, ಇಬ್ಬರೂ ಆಟದ ಮಧ್ಯೆ ಜನಾಂಗೀಯ ಬೈಗುಳ ಆಡಿದರು. ಲಾರ್ಸನ್ ತಂಡದಿಂದ ಹೊರಬಿದ್ದರು, ವಿಪ್ಸ್ ರೆಡ್ ಬುಲ್ ಒಪ್ಪಂದ ಕಳೆದುಕೊಂಡರು. ಮೈಕ್ ಆನ್ ಇದ್ದರೆ ಅದು ಪ್ರೆಸ್ ಮೀಟ್ ಅಂತಲೇ ತಿಳಿಯಬೇಕು.

ಗುಟ್ಟು ಸೋರೋದೂ ಇದೆ. 2012ರ ಬೆಲ್ಜಿಯಂ ಗ್ರಾಂಪ್ರಿಯಲ್ಲಿ ಮೆಕ್ಲಾರೆನ್ ಚಾಲಕ ಹ್ಯಾಮಿಲ್ಟನ್ ತನ್ನ ಮತ್ತು ಅದೇ ತಂಡದ ಬಟನ್‌ನ ಕ್ವಾಲಿಫೈಯಿಂಗ್ ಲ್ಯಾಪಿನ ಟೆಲಿಮೆಟ್ರಿ ಹಾಳೆಯ ಫೋಟೊ ಟ್ವೀಟ್ ಮಾಡಿದ್ದರು, ಮೆಕ್ಲಾರೆನ್ ತೆಗೆಸಿತು. ಗ್ಯಾರೇಜ್ ಸೆಲ್ಫಿ ಹಾಕೋ ಮುಂಚೆ ಹಿಂದೆ ಕಾಣೋ ಲ್ಯಾಪ್‌ಟಾಪ್, ಸೆಟಪ್ ಶೀಟ್, ಟೈರ್ ಒತ್ತಡ ಬರೆದ ಬೋರ್ಡ್, ಕುತ್ತಿಗೆಯ ಪಾಸ್ ಮೇಲಿನ ಬಾರ್‌ಕೋಡ್ ನೋಡಿ. ಕಾರು ಸಾಗಿಸೋ ಟ್ರೇಲರ್ ರಾತ್ರಿ ಎಲ್ಲಿ ನಿಂತಿದೆ ಅಂತ ಲೊಕೇಶನ್ ಸಮೇತ ಹಾಕೋದು ಕಳ್ಳರಿಗೆ ಆಹ್ವಾನ ಕೊಟ್ಟಂತೆ. ಆ ಜಾಗ ಬಿಟ್ಟ ಮೇಲೆ ಹಾಕಲಿ.

ತಂಡದ ಖಾತೆಯ ಪಾಸ್‌ವರ್ಡ್ ಇಬ್ಬರ ಹತ್ತಿರ ಮಾತ್ರ, ಎರಡು ಹಂತದ ದೃಢೀಕರಣ ಕಡ್ಡಾಯ. ಸ್ವಂತ ಖಾತೆ, ತಂಡದ ಖಾತೆ ಎರಡನ್ನೂ ಒಂದೇ ಆ್ಯಪ್‌ನಲ್ಲಿ ತೆರೆದಿಡಬೇಡಿ. ತಪ್ಪು ಖಾತೆಯಿಂದ ಹೋಗೋ ಕಾಮೆಂಟ್ ಹುಟ್ಟೋದೇ ಅಲ್ಲಿ.

ಟರ್ನ್_ಮೂರು:
ಇದೆಲ್ಲ ಸರಿ, ಆದರೆ ಸ್ಟೀವರ್ಡ್‌ಗಳನ್ನ ಟೀಕಿಸಲೇಬಾರದು ಅನ್ನೋ ಹಾಗಿದ್ದರೆ ಒಪ್ಪಲ್ಲ. ತಪ್ಪು ತೀರ್ಪು ಕೊಟ್ಟರೂ ಬಾಯಿ ಮುಚ್ಕೊಂಡು ಕೂರಬೇಕಾ? ಫ್ಯಾನ್‌ಗಳು ಯಾರ ಹತ್ತಿರವೂ ಲೈಸೆನ್ಸ್ ತಗೊಂಡಿಲ್ಲ.

ರಿಪೋರ್ಟ್_ಬಟನ್:
@ಟರ್ನ್_ಮೂರು, ತೀರ್ಪನ್ನ ಧಾರಾಳವಾಗಿ ಬೈಯಿರಿ. "ಇದೇ ತಪ್ಪಿಗೆ ಹಿಂದಿನ ರೇಸಿನಲ್ಲಿ 5 ಸೆಕೆಂಡ್ ದಂಡ, ಈಗ 10 ಸೆಕೆಂಡ್, ಕಾರಣ ಬರೆದಿಲ್ಲ" ಅಂತ ಬರೆದರೆ ಅದು ಟೀಕೆ, ಸ್ಟೀವರ್ಡ್‌ಗಳಿಗೂ ಉಪಯೋಗ. ಹೆಸರು, ಫೋಟೊ ಹಾಕಿ "ಇವರೇ ಮಾಡಿದ್ದು" ಅಂದರೆ ಅದು ಬೇರೆ. 2022ರ ಅಮೆರಿಕ ಗ್ರಾಂಪ್ರಿ ನಂತರ ಸ್ಟೀವರ್ಡ್ ಸಿಲ್ವಿಯಾ ಬೆಲ್ಲೊಟ್‌ಗೆ ಕೊಲೆ ಬೆದರಿಕೆ ಬಂದವು. ಎಫ್‌ಐಎ ಆನ್‌ಲೈನ್ ನಿಂದನೆಯ ವಿರುದ್ಧ ದೊಡ್ಡ ಅಭಿಯಾನ ಶುರು ಮಾಡಿದ್ದು ಆಮೇಲೆಯೇ. ಕ್ಲಬ್ ರೇಸ್‌ನಲ್ಲಿ ಮಾರ್ಷಲ್‌ಗಳು ಹೆಚ್ಚಾಗಿ ಸ್ವಯಂಸೇವಕರು, ಅವರಿಲ್ಲದೆ ಹಸಿರು ಬಾವುಟವೇ ಹಾರಲ್ಲ.

ಬೆಂಕಿ ಹಚ್ಚೋರು ಯಾವಾಗಲೂ ಹೆಸರಿಲ್ಲದ ಖಾತೆಗಳೇ ಅಂದುಕೊಳ್ಳಬೇಡಿ. 2025ರ ಕತಾರ್ ಗ್ರಾಂಪ್ರಿಯಲ್ಲಿ ಎಫ್‌1 ಚಾಲಕ ಕಿಮಿ ಆಂಟೊನೆಲ್ಲಿ ಕೊನೆಯಲ್ಲಿ ತಿರುವಿನ ಹೊರಬದಿಗೆ ಸರಿದಾಗ ಹಿಂದಿದ್ದ ನಾರಿಸ್‌ಗೆ ಬೇಕಂತಲೇ ದಾರಿ ಬಿಟ್ಟ ಅನ್ನೋ ಅರ್ಥದ ಮಾತು ರೆಡ್ ಬುಲ್ ಕಡೆಯಿಂದ ಬಂತು. ಹುಡುಗನ ಖಾತೆಗೆ ಸಾವಿರಕ್ಕೂ ಹೆಚ್ಚು ನಿಂದನೆಯ ಕಾಮೆಂಟ್ ಬಿದ್ದವು. ಮರುದಿನ ರೆಡ್ ಬುಲ್ ಆ ಮಾತು ತಪ್ಪು ಅಂತ ಬಹಿರಂಗವಾಗಿ ಹೇಳಿಕೆ ಕೊಟ್ಟಿತು. ಹಾಗಾಗಿ ಸ್ಪರ್ಧಿಗಳ ಪುಟಕ್ಕೆ ಒಂದು ಸಾಲು ಸೇರಿಸಿ: ನಿಮ್ಮ ಮಾತು ತಪ್ಪಾಗಿದ್ದರೆ ತಿದ್ದುಪಡಿಯೂ ಅದೇ ಖಾತೆಯಲ್ಲಿ, ಪೋಸ್ಟ್ ಹಾಕಿದ್ದರೆ ಪೋಸ್ಟ್ ಆಗಿಯೇ ಬರಬೇಕು. 24 ಗಂಟೆಯಲ್ಲಿ ಮಾಯವಾಗೋ ಸ್ಟೋರಿ ನಡೆಯಲ್ಲ, ಸದ್ದಿಲ್ಲದೆ ಅಳಿಸೋದೂ ನಡೆಯಲ್ಲ.

ಇನ್ನು ಬೆದರಿಕೆ ವಿಷಯ. ಎಲ್ಲರೂ ಮಾಡೋ ತಪ್ಪು ಒಂದೇ, ಮೊದಲು ಬ್ಲಾಕ್ ಮಾಡಿಬಿಡ್ತಾರೆ. ಆಮೇಲೆ ಕೆಲವು ಆ್ಯಪ್‌ಗಳಲ್ಲಿ ಆ ಪ್ರೊಫೈಲೂ ಕಾಣದೆ, ಸಂದೇಶದ ಕೊಂಡಿಯೂ ಸಿಗದೆ ಹೋಗಬಹುದು. ಉತ್ತರ ಕೊಡದೆ ಮೊದಲು ಖಾತೆಯ ಹೆಸರು, ದಿನಾಂಕ, ಸಮಯ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೀರಿ. ಪೋಸ್ಟಿನ ಕೊಂಡಿ, ಪ್ರೊಫೈಲಿನ ಕೊಂಡಿ ಎರಡನ್ನೂ ಬೇರೆ ಬೇರೆ ಉಳಿಸಿಕೊಳ್ಳಿ, ಯಾಕಂದರೆ ಬಳಕೆದಾರ ಹೆಸರನ್ನ ನಿಮಿಷದಲ್ಲಿ ಬದಲಾಯಿಸಬಹುದು. ಪ್ರೊಫೈಲಿಂದ ಸಂದೇಶದವರೆಗೆ ಸ್ಕ್ರೋಲ್ ಮಾಡ್ತಾ ಸ್ಕ್ರೀನ್ ರೆಕಾರ್ಡ್ ಮಾಡಿದರೆ ಎಡಿಟ್ ಮಾಡಿದ ಚಿತ್ರ ಅನ್ನೋ ತಕರಾರಿಗೆ ಜಾಗ ಕಡಿಮೆ. ತಾನಾಗೇ ಅಳಿಯೋ ಸಂದೇಶವಾದರೆ ಇನ್ನೊಂದು ಫೋನಿಂದ ಫೋಟೊ ತೆಗೀರಿ. ಕೆಲವು ಆ್ಯಪ್‌ಗಳು ಸ್ಕ್ರೀನ್‌ಶಾಟ್ ತೆಗೆದದ್ದನ್ನ ಕಳಿಸಿದವನಿಗೆ ತಿಳಿಸಿಬಿಡುತ್ತವೆ. ಇಷ್ಟಾದ ಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್. ಜೀವ ಬೆದರಿಕೆ ಅಥವಾ ಮನೆ ವಿಳಾಸ ಇದ್ದರೆ ಆ್ಯಪ್‌ನ ಉತ್ತರಕ್ಕೆ ಕಾಯದೆ ಪೊಲೀಸರಿಗೆ ಹೋಗಿ, ರೇಸ್ ಇನ್ನೂ ನಡೀತಿದ್ದರೆ ಕ್ಲರ್ಕ್ ಆಫ್ ದ ಕೋರ್ಸ್‌ಗೂ (ರೇಸ್ ನಡೆಸೋ ಮುಖ್ಯ ಅಧಿಕಾರಿಗೂ) ತಿಳಿಸಿ.

ಚಾಲಕ ಸ್ವತಃ ಅದನ್ನೆಲ್ಲ ಓದ್ತಾ ಕೂರಬೇಕಿಲ್ಲ. 2021ರ ಅಬುಧಾಬಿ ಗ್ರಾಂಪ್ರಿಯಲ್ಲಿ ತನ್ನ ಅಪಘಾತದಿಂದ ರೇಸಿನ ಗತಿಯೇ ತಿರುಗಿದ ಮೇಲೆ ಎಫ್‌1 ಚಾಲಕ ನಿಕೋಲಸ್ ಲತೀಫಿ ಏನಾಗುತ್ತೆ ಅಂತ ಗೊತ್ತಿದ್ದೇ ಫೋನಿಂದ ಇನ್‌ಸ್ಟಾಗ್ರಾಂ, ಟ್ವಿಟರ್ ತೆಗೆದುಹಾಕಿದ್ದರು. ನಂಬಿಕಸ್ತರೊಬ್ಬರ ಕೈಗೆ ಕೆಲವು ದಿನ ಖಾತೆ ಕೊಡೋದು ಒಳ್ಳೆಯ ದಾರಿ. ಇನ್‌ಸ್ಟಾಗ್ರಾಂನಲ್ಲಿ ಹೊಸ ಫಾಲೋವರ್‌ಗಳ ಕಾಮೆಂಟ್ ತಡೆಯೋ ಲಿಮಿಟ್ ಸೌಲಭ್ಯ ಇದೆ, ಗಲಾಟೆಯ ದಿನ ಅದನ್ನ ಆನ್ ಮಾಡಿ.

ಫ್ಯಾನ್ ಗುಂಪಿನಲ್ಲಿ ರೇಸ್ ಶುರುವಾದಾಗಿಂದ ಅಂತಿಮ ಫಲಿತಾಂಶದವರೆಗೆ ಪೋಸ್ಟ್‌ಗೆ ಅಡ್ಮಿನ್ ಒಪ್ಪಿಗೆ ಕಡ್ಡಾಯ ಮಾಡಿ. ಒಂದು ಘಟನೆಗೆ ಒಂದೇ ಪೋಸ್ಟ್, ಚರ್ಚೆಯೆಲ್ಲ ಅದರ ಕೆಳಗೆ. ಪದ ಸೋಸೋ ಪಟ್ಟಿಗೆ ಬೈಗುಳವನ್ನ ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿ, ಅಕ್ಷರದ ಬದಲು ಅಂಕಿ ತುರುಕಿದ ರೂಪಗಳನ್ನೂ ಬಿಡಬೇಡಿ. ಪಟ್ಟಿ ಮಾಡೋವಾಗ ನಗು ಬರುತ್ತೆ, ಏನೂ ಮಾಡೋಕಾಗಲ್ಲ.

ಪಿಟ್‌ಬೋರ್ಡ್:
ತುಂಬಾ ಉಪಕಾರ. ಎರಡು ಉಳಿದಿವೆ. ದೊಡ್ಡ ಅಪಘಾತ ಆದಾಗ ಏನು? ಮತ್ತೆ ಈ ನಿಯಮಕ್ಕೆ ಬಲ ಎಲ್ಲಿಂದ ಬರುತ್ತೆ? ಚಾಲಕ ಸುಮ್ಮನಿದ್ದು ಅವನ ಅಣ್ಣ ಬೈದರೆ?

ಹಳದಿಬಾವುಟ:
ಅಪಘಾತಕ್ಕೆ ರಿಯಾಯಿತಿ ಬೇಡ. ಅಧಿಕೃತ ಹೇಳಿಕೆ ಬರೋವರೆಗೆ ಫೋಟೊ, ವಿಡಿಯೊ, ಕಾರಿನ ನಂಬರ್, ಗಾಯದ ವಿವರ ಯಾವುದೂ ಇಲ್ಲ. "ಎಲ್ಲರೂ ಪ್ರಾರ್ಥಿಸಿ, ಕಾರ್ ನಂಬರ್ ಇಂಥದ್ದು" ಅನ್ನೋ ಪೋಸ್ಟ್ ಒಳ್ಳೆಯ ಮನಸ್ಸಿಂದಲೇ ಬರುತ್ತೆ, ಆದರೆ ಮನೆಯವರಿಗೆ ಸುದ್ದಿ ಅದರಿಂದಲೇ ತಲುಪುತ್ತೆ. "ಏನೂ ಆಗಿಲ್ಲ, ಆರಾಮಾಗಿದ್ದಾನೆ" ಅನ್ನೋ ಊಹೆಯೂ ಅಷ್ಟೇ ಕೆಟ್ಟದ್ದು. 2014ರಲ್ಲಿ ಜಪಾನಿನ ಸುಜುಕಾದಲ್ಲಿ ಎಫ್‌1 ಚಾಲಕ ಜೂಲ್ಸ್ ಬಿಯಾಂಕಿ ಅಪಘಾತವನ್ನ ಪ್ರೇಕ್ಷಕರೊಬ್ಬರು ತೆಗೆದ ವಿಡಿಯೊ ಜಾಲದಲ್ಲಿ ಹರಡಿತ್ತು. 2020ರ ಬಹ್ರೈನ್ ಗ್ರಾಂಪ್ರಿಯಲ್ಲಿ ಚಾಲಕ ಗ್ರೋಜಾನ್ ಬೆಂಕಿಯಿಂದ ಪಾರಾಗಿ ಬಂದ ಮೇಲೂ ಆ ದೃಶ್ಯವನ್ನ ಮತ್ತೆ ಮತ್ತೆ ತೋರಿಸಿದ್ದಕ್ಕೆ ಇನ್ನೊಬ್ಬ ಚಾಲಕ ರಿಕಾರ್ಡೊ ಸಿಟ್ಟಾದರು, ಉಳಿದ ಚಾಲಕರೆಲ್ಲ ಮತ್ತೆ ಕಾರಿಗೆ ಹತ್ತಬೇಕಿತ್ತು. ಮಾರ್ಷಲ್, ವೈದ್ಯಕೀಯ ಸಿಬ್ಬಂದಿ ಕರ್ತವ್ಯದಲ್ಲಿ ಫೋನ್‌ನಿಂದ ಚಿತ್ರ ತೆಗೆಯಬಾರದು ಅಂತ ಅವರ ಬ್ರೀಫಿಂಗ್‌ನಲ್ಲೇ ಹೇಳಿ. ಪ್ರೇಕ್ಷಕರ ವಿಡಿಯೊ ತನಿಖೆಗೆ ಬೇಕಾಗಬಹುದು, ಅದನ್ನ ಕಳಿಸೋಕೆ ಒಂದು ಇಮೇಲ್ ವಿಳಾಸ ಕೊಡಿ.

ಬಲದ ಪ್ರಶ್ನೆಗೆ: ನಿಯಮ ವಾಟ್ಸ್‌ಆ್ಯಪ್ ಸಂದೇಶವಾಗಿ ಇದ್ದರೆ ಸ್ಟೀವರ್ಡ್‌ಗಳ ಕೈಯಲ್ಲಿ ಏನೂ ಇರಲ್ಲ. ಸ್ಪರ್ಧೆಯ ಪೂರಕ ನಿಯಮಾವಳಿಯಲ್ಲಿ ಸೇರಿಸಿ, ಎಂಟ್ರಿ ಫಾರಂನಲ್ಲಿ ಅದಕ್ಕೆ ಬೇರೆ ಸಹಿ ತಗೊಳ್ಳಿ. ಎಂಟ್ರಿ ಹಾಕಿದ ಸ್ಪರ್ಧಿ ತನ್ನ ಪರವಾಗಿ ಕೆಲಸ ಮಾಡೋ ಚಾಲಕ, ಮೆಕ್ಯಾನಿಕ್ ಎಲ್ಲರ ನಡವಳಿಕೆಗೂ ಹೊಣೆ ಅನ್ನೋದು ಎಫ್‌ಐಎ ಸಂಹಿತೆಯಲ್ಲೇ ಇದೆ. ಅಣ್ಣ ತಂಡದ ಪಾಸ್ ಹಾಕಿಕೊಂಡು ಪಿಟ್‌ನಲ್ಲಿ ಕೆಲಸ ಮಾಡ್ತಿದ್ದರೆ ಅದರೊಳಗೆ ಬರ್ತಾನೆ. ಮನೆಯಲ್ಲಿ ಕೂತು ಬೈದರೆ ಬರಲ್ಲ, ಅವನನ್ನ ಫ್ಯಾನ್ ಗುಂಪಿನ ನಿಯಮದಲ್ಲಿ ನೋಡಿಕೊಳ್ಳಿ. ಶಿಕ್ಷೆಯ ಮೆಟ್ಟಿಲೂ ಮೊದಲೇ ಬರೆದಿರಲಿ: ಮೊದಲು ಪೋಸ್ಟ್ ತೆಗೆದು ತಿದ್ದುಪಡಿ, ಎರಡನೇ ಸಲ ದಂಡ, ಮೂರನೇ ಸಲ ಮುಂದಿನ ರೇಸಿನ ಗ್ರಿಡ್‌ನಲ್ಲಿ (ಶುರುವಿಗೆ ಕಾರು ನಿಲ್ಲೋ ಸಾಲಿನಲ್ಲಿ) ಹಿಂದಕ್ಕೆ. ಬೆದರಿಕೆ, ಜಾತಿ, ಬಣ್ಣ, ಲಿಂಗದ ನಿಂದನೆಗೆ ಮೆಟ್ಟಿಲಿಲ್ಲ, ನೇರ ವಿಚಾರಣೆ.

18ರೊಳಗಿನವರ ಖಾತೆಗೆ ಪೋಷಕರೊಬ್ಬರು ಜವಾಬ್ದಾರಿ ಅಂತ ಅದೇ ಫಾರಂನಲ್ಲಿ ಹೆಸರು ಬರೆಸಿ. ಆ ಮಕ್ಕಳ ಬಗ್ಗೆ ಸರಣಿಯ ಪುಟದಲ್ಲಿ ಹಾಕೋ ಪೋಸ್ಟ್‌ಗೆ ಕಾಮೆಂಟ್ ಮುಚ್ಚಿಡಿ, ಶಾಲೆಯ ಹೆಸರು ಬೇಡ.